ಕ್ಯಾರೆನ್ ಕಾರ್ಪೆಂಟರ್ ನಿಜಕ್ಕೂ ಡ್ರಮ್ಮರ್ ಆಗಿದ್ದರೇ?

ಪಾಶ್ಚಾತ್ಯ ಸಂಗೀತದ ಕುರಿತ ನನ್ನ ಬರಹಗಳನ್ನು ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ‘ಕಾರ್ಪೆಂಟರ್ಸ್’ ಎಂಬ ಅಮೆರಿಕದ ಅಣ್ಣ-ತಂಗಿಯರ ಪಾಪ್ ತಂಡದಲ್ಲಿ ಕ್ಯಾರೆನ್ ಡ್ರಮ್ಸ್ ಬಾರಿಸುತ್ತಿದ್ದುದು ಬರಿಯ ತೋರಿಕೆಗೋ? ಖಂಡಿತ ಅಲ್ಲ. ಅವರು ಮೊದಲು ಡ್ರಮ್ಮರ್, ಆಮೇಲೆ ಗಾಯಕಿ. ತಮ್ಮನ್ನು ಅವರು ಭಾವಿಸಿಕೊಂಡಿದ್ದೂ ಹಾಡಬಲ್ಲ ಡ್ರಮ್ಮರ್ ಎಂದೇ.

1950ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಹುಟ್ಟಿದ ಕ್ಯಾರೆನ್, 1963ರಲ್ಲಿ ಮನೆಯವರೊಂದಿಗೆ ಕ್ಯಾಲಿಫೋರ್ನಿಯಾದ ಡೌನಿಗೆ ಬಂದರು. ಹೈಸ್ಕೂಲಿನ ಬ್ಯಾಂಡಿನಲ್ಲಿ ಕೊಟ್ಟ ಗ್ಲೋಕನ್‌ಸ್ಪೀಲ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ) ಹಿಡಿಸದೆ ಡ್ರಮ್ಸ್‌ನತ್ತ ಹೊರಳಿದರು. 1966ರಲ್ಲಿ ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ನಡೆದ ಸ್ಪರ್ಧೆಯನ್ನು ಅಣ್ಣ ರಿಚರ್ಡ್ ಅವರ ಮೂವರ ಜಾಝ್ ತಂಡ ಗೆದ್ದಾಗ ಅದರ ಡ್ರಮ್ಮರ್ ಆಗಿದ್ದವರು 16 ವರ್ಷದ ಈ ಹುಡುಗಿ.

ಅನುಮಾನಕ್ಕೆ ಕಾರಣವಿಲ್ಲದಿಲ್ಲ. 1970ರಲ್ಲಿ ಅವರನ್ನು ಮನೆಮಾತಾಗಿಸಿದ ‘ಕ್ಲೋಸ್ ಟು ಯು’ ಹಾಡಿಗೆ ಡ್ರಮ್ಸ್ ನುಡಿಸಿದವರು ಹಾಲ್ ಬ್ಲೇನ್ ಎಂಬ ಸ್ಟುಡಿಯೋ ವಾದಕರು. ಧ್ವನಿಮುದ್ರಣಕ್ಕೆ ಸ್ಟುಡಿಯೋ ವಾದಕರನ್ನು ಕರೆಸುವುದು ಆಗಿನ ಲಾಸ್ ಏಂಜಲೀಸ್‌ನಲ್ಲಿ ರೂಢಿಯೇ ಆಗಿತ್ತು. ಆದರೆ 1969ರ ಮೊದಲ ಆಲ್ಬಮ್‌ನಲ್ಲಿಯೂ 1973ರ ‘ನೌ ಅಂಡ್ ದೆನ್’ನ ಬಹುಪಾಲು ಹಾಡುಗಳಲ್ಲಿಯೂ ಕೇಳುವುದು ಕ್ಯಾರೆನ್ ಅವರದೇ ಕೈ.

ಡ್ರಮ್ಸ್ ನುಡಿಸುತ್ತ ಹಾಡುವುದು ಎಷ್ಟು ಕಷ್ಟವೆಂಬುದನ್ನು ಕೇಳುಗರು ಸಾಮಾನ್ಯವಾಗಿ ಊಹಿಸುವುದಿಲ್ಲ. ಒಂದು ಕೈ ಸಿಂಬಲ್ ಎಂಬ ಲೋಹದ ತಟ್ಟೆಯ ಮೇಲೆ, ಇನ್ನೊಂದು ಸ್ನೇರ್ ಎಂಬ ಚಿಕ್ಕ ಡ್ರಮ್ ಮೇಲೆ, ಎರಡೂ ಕಾಲು ಪೆಡಲ್‌ಗಳ ಮೇಲೆ ತಮ್ಮ ತಮ್ಮ ಲೆಕ್ಕ ತಪ್ಪದೆ ನಡೆಯುತ್ತಿರುವಾಗಲೇ, ಕಂಠ ಮಾತ್ರ ಆ ಲೆಕ್ಕದಿಂದ ಬಿಡಿಸಿಕೊಂಡು, ಸಾಲನ್ನು ನಿಧಾನವಾಗಿ ಎಳೆದು, ಪೆಟ್ಟಿಗಿಂತ ತುಸು ತಡವಾಗಿ ಇಳಿಯಬೇಕು. ಅದೂ ಮಂದ್ರದಲ್ಲಿ, ಏದುಸಿರು ಕೇಳಿಸದಂತೆ. ಅವರ ಗಾಯನದಲ್ಲಿ ನಾವು ಮೆಚ್ಚುವ ಆ ನೆಮ್ಮದಿಯ ಲಯ ಬಂದದ್ದು ಡ್ರಮ್ಸ್‌ನಿಂದಲೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಹಾಗಿದ್ದರೆ ಅವರು ಡ್ರಮ್ಸ್ ಬಿಟ್ಟು ಎದ್ದದ್ದೇಕೆ? ಸಿಂಬಲ್‌ಗಳ ಮರೆಯಲ್ಲಿ ಕೂತ ಗಾಯಕಿ ಸಭಿಕರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಮುಂದೆ ಬಂದು ನಿಲ್ಲಬೇಕೆಂಬ ಒತ್ತಾಯಕ್ಕೆ ಅವರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು, ಪ್ರವಾಸದ ಕಛೇರಿಗಳಿಗೆ ಬೇರೆ ಡ್ರಮ್ಮರ್ ಬಂದರು. ನಿಧಾನಗತಿಯ ಹಾಡುಗಳಿಗೆ ಆ ನಿರ್ಧಾರ ಸರಿಯೇ ಇರಬಹುದು, ಆದರೆ ಅದು ಅವರ ಅರ್ಧ ಪ್ರತಿಭೆಯನ್ನು ಬದಿಗೆ ಸರಿಸಿತೆಂಬ ಬೇಸರ ನನಗೆ ಇಂದಿಗೂ ಇದೆ. ಊಟ ತೊರೆದು ದೇಹ ಸೊರಗುವ ಅನೊರೆಕ್ಸಿಯಾ ಕಾಯಿಲೆಯಿಂದ ಹೃದಯ ದುರ್ಬಲಗೊಂಡು 1983ರಲ್ಲಿ ತೀರಿಕೊಂಡಾಗ ಅವರಿಗೆ 32 ವರ್ಷ.

ಇನ್ನೂ ನಂಬಿಕೆ ಬಾರದವರು 1976ರ ಅವರ ಟಿವಿ ಕಾರ್ಯಕ್ರಮವನ್ನು ನೋಡಬೇಕು. ಅದರಲ್ಲಿ ಅವರು ಒಂದು ಡ್ರಮ್‌ನಿಂದ ಇನ್ನೊಂದಕ್ಕೆ ಓಡಾಡುತ್ತ ಎಲ್ಲವನ್ನೂ ತಾವೇ ನುಡಿಸುತ್ತಾರೆ.