ಬಡವರಿಗೆ ಬೇಕು, ಶ್ರೀಮಂತರಿಗೆ ಬೇಡ: ಜಾಗತೀಕರಣ ಯಾಕೆ ಹೀಗೆ ಉಲ್ಟಾ?

ನಾನು ಅರ್ಥಶಾಸ್ತ್ರ ಪಾಠ ಮಾಡುವವಳು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು: "ಜಾಗತೀಕರಣದಿಂದ ಬಡ ದೇಶಗಳು ಹಾಳಾಗ್ತವೆ ಅಂತ ಆಗ ಹೇಳ್ತಿದ್ರು. ಈಗ ನೋಡಿದ್ರೆ ಅಮೆರಿಕದವರೇ ಬೇಡ ಅಂತಾರೆ, ವಿಯೆಟ್ನಾಂನವರು ಬೇಕು ಅಂತಾರೆ. ಯಾಕೆ?"

ಪ್ರಶ್ನೆ ಸರಿಯಾಗಿಯೇ ಇದೆ. 2014ರಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಅಮೆರಿಕದ ಪ್ಯೂ ಸಂಸ್ಥೆ 44 ದೇಶಗಳ ಜನರನ್ನು ಇದನ್ನೇ ಕೇಳಿತ್ತು. ಹೊರದೇಶಗಳ ಜೊತೆ ವ್ಯಾಪಾರ ಮಾಡಿದರೆ ಕೆಲಸ ಹೆಚ್ಚುತ್ತೆ ಅಂದವರು ವಿಯೆಟ್ನಾಂನಲ್ಲಿ ಮುಕ್ಕಾಲು ಪಾಲು. ಅಮೆರಿಕದಲ್ಲಿ ಐವರಲ್ಲಿ ಒಬ್ಬರು.

ನನಗೆ ಅನ್ನಿಸುವುದು ಇಷ್ಟು. ಜನ ತಮ್ಮ ಇವತ್ತನ್ನು ತಮ್ಮದೇ ನಿನ್ನೆಯ ಪಕ್ಕ ಇಟ್ಟು ನೋಡುತ್ತಾರೆ. ಇನ್ನೊಂದು ದೇಶ ಹೇಗಿದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ವಿಯೆಟ್ನಾಂನಲ್ಲಿ 1986ಕ್ಕೆ ಮುಂಚೆ ಅಕ್ಕಿಗೂ ಕೂಪನ್ ಬೇಕಿತ್ತು, ಕೂಪನ್ ಇದ್ದರೂ ಕ್ಯೂ ನಿಲ್ಲಬೇಕಿತ್ತು. ಆ ವರ್ಷ ಮಾರುಕಟ್ಟೆಗೆ ಬಾಗಿಲು ತೆರೆಯುವ 'ದೊಯಿ ಮೊಯಿ' ಅನ್ನುವ ಆರ್ಥಿಕ ಸುಧಾರಣೆ ಶುರುವಾಯಿತು. 1995ರಲ್ಲಿ ಅಮೆರಿಕದ ಜೊತೆ ಮತ್ತೆ ಸಂಬಂಧ ಬೆಳೆಯಿತು, 2007ರಲ್ಲಿ ವಿಶ್ವ ವ್ಯಾಪಾರ ಸಂಘಟನೆಗೆ ಸೇರಿದರು. ಇವತ್ತು ಕಾಫಿ ಬೆಳೆಯುವುದರಲ್ಲಿ ಅವರಿಗಿಂತ ಮುಂದಿರುವುದು ಬ್ರೆಜಿಲ್ ಮಾತ್ರ. ಅಪ್ಪ ಅಮ್ಮ ಕೂಪನ್ ಹಿಡಿದು ನಿಂತಿದ್ದನ್ನು ಕಂಡವರು ತಮ್ಮ ಕಾಫಿ ಹಡಗು ಹತ್ತುವುದನ್ನು ನೋಡಿ ಖುಷಿಪಡುವುದು ಸಹಜ ಅಲ್ವಾ?

ಅಮೆರಿಕದ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಊರಿನವರ ನಿನ್ನೆಯೇ ಬೇರೆ. ಅಲ್ಲಿ ಮೇಟ್ಯಾಗ್ ಕಂಪನಿಯ ಫ್ರಿಜ್ ಕಾರ್ಖಾನೆ ಇತ್ತು. 2004ರಲ್ಲಿ ಅದು ಮುಚ್ಚಿತು, ಕೆಲಸ ಮೆಕ್ಸಿಕೋದ ರೆನೋಸಾಗೆ ಹೋಯಿತು. ಸುಮಾರು 1,600 ಕೆಲಸ! ವ್ಯಾಪಾರ ಮುಕ್ತವಾದಾಗ ಬರುವ ಲಾಭ ಇಡೀ ದೇಶಕ್ಕೆ ಚೂರುಚೂರಾಗಿ ಹಂಚಿಹೋಗುತ್ತೆ, ಅಂಗಡಿಯಲ್ಲಿ ಸಾಮಾನು ಸ್ವಲ್ಪ ಅಗ್ಗ ಆಗಿದ್ದು ಯಾರ ಗಮನಕ್ಕೂ ಬರುವುದಿಲ್ಲ, ಆದರೆ ನಷ್ಟ ಮಾತ್ರ ಒಂದೇ ಊರಿನ ಮೇಲೆ ಒಂದೇ ಸಲ ಬೀಳುತ್ತೆ. ಆ ಊರಿನವರ ಸಿಟ್ಟನ್ನು ಅಜ್ಞಾನ ಅನ್ನುವವರನ್ನು ಕಂಡರೆ ನನಗೆ ಬೇಜಾರಾಗುತ್ತೆ.

ಹಾಗಾದರೆ ರೆನೋಸಾಗೆ ಕೆಲಸ ಸಿಕ್ಕಿತಲ್ಲ, ಮೆಕ್ಸಿಕೋದವರೆಲ್ಲ ಖುಷಿಯೇ? ಇಲ್ಲ. ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ಮುಕ್ತ ವ್ಯಾಪಾರದ ನಾಫ್ಟಾ ಒಪ್ಪಂದ ಜಾರಿಗೆ ಬಂದ 1994ರ ಜನವರಿ 1ರಂದೇ ದಕ್ಷಿಣದ ಚಿಯಾಪಸ್ ರಾಜ್ಯದಲ್ಲಿ ಜಪಾಟಿಸ್ಟಾಗಳು, ಅಂದರೆ ಅಲ್ಲಿನ ಮೂಲನಿವಾಸಿ ರೈತರ ಸಶಸ್ತ್ರ ಗುಂಪಿನವರು, ಬಂಡೆದ್ದರು. ಅಲ್ಲಿನ ಬಡ ರೈತರು ಮುಸುಕಿನ ಜೋಳ ಬೆಳೆದು ಬದುಕುವವರು. ಸಬ್ಸಿಡಿ ಪಡೆದ ಅಮೆರಿಕದ ಜೋಳದ ಎದುರು ಅವರು ಹೇಗೆ ನಿಲ್ಲಬೇಕು? ಉತ್ತರದ ಗಡಿಗೆ ಕಾರ್ಖಾನೆ, ದಕ್ಷಿಣದ ಬೆಟ್ಟಕ್ಕೆ ಭಯ. ಒಂದು ದೇಶಕ್ಕೆ ಒಂದೇ ಅಭಿಪ್ರಾಯ ಅಂತ ಇರುವುದೇ ಇಲ್ಲ.

ದೇಶ ಬಿಡಿ, ನಮ್ಮ ಮಲೆನಾಡಿನ ಒಂದೇ ತೋಟದಲ್ಲಿ ಎರಡು ಅಭಿಪ್ರಾಯ ಇವೆ. ನಮ್ಮ ಕಾಫಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶಕ್ಕೇ ಹೋಗುತ್ತೆ, ಹಾಗಾಗಿ ಬೆಳೆಗಾರರಿಗೆ ಜಗತ್ತಿನ ಮಾರುಕಟ್ಟೆ ತೆರೆದೇ ಇರಬೇಕು. ಅದೇ ತೋಟದ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕಾಳುಮೆಣಸಿನ ಮಾತು ಬಂದರೆ ಕಥೆಯೇ ಬೇರೆ. ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ, ಅಲ್ಲಿನದೇ ಅಂತ ಹೇಳಿಕೊಂಡು, ಕಡಿಮೆ ಸುಂಕದಲ್ಲಿ ಒಳಗೆ ಬರುತ್ತಿದೆ ಅಂತ ಬೆಳೆಗಾರರು ಗಲಾಟೆ ಮಾಡಿದರು. ಕಿಲೋಗೆ 700 ರೂಪಾಯಿ ಆಸುಪಾಸಿನಲ್ಲಿದ್ದ ಬೆಲೆ 400ಕ್ಕಿಂತ ಕೆಳಗೆ ಇಳಿದಿತ್ತು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ ಕನಿಷ್ಠ 500 ರೂಪಾಯಿ ಅಂತ ಗೊತ್ತುಮಾಡಿತು. ಇದನ್ನು ಇಬ್ಬಂದಿತನ ಅಂತ ನಾನು ಅನ್ನುವುದಿಲ್ಲ. ಮಾರುವಾಗ ಬಾಗಿಲು ತೆರೆದಿರಲಿ, ಪೈಪೋಟಿ ಬಂದಾಗ ಸ್ವಲ್ಪ ಮರೆ ಇರಲಿ ಅಂತ ಎಲ್ಲ ದೇಶದವರೂ ಬಯಸುತ್ತಾರೆ.

ಹಾಗಂತ ಶ್ರೀಮಂತ ದೇಶದವರೆಲ್ಲ ಬೇಡ ಅಂತಾರೆ ಅಂದುಕೊಳ್ಳಬೇಡಿ. ಡೆನ್ಮಾರ್ಕ್, ಸ್ವೀಡನ್ ಜನರಿಗೆ ಜಾಗತೀಕರಣದ ಮೇಲೆ ಫ್ರಾನ್ಸ್‌ನವರಿಗಿಂತ ಎಷ್ಟೋ ಜಾಸ್ತಿ ಒಲವು. ಡೆನ್ಮಾರ್ಕ್‌ನಲ್ಲಿ ಕಂಪನಿಗಳು ಕೆಲಸದಿಂದ ತೆಗೆಯುವುದು ಸುಲಭ. ಆದರೆ ತೆಗೆದ ಮೇಲೆ ಭತ್ಯೆ ಸಿಗುತ್ತೆ, ಹೊಸ ಕೆಲಸಕ್ಕೆ ತರಬೇತಿ ಸಿಗುತ್ತೆ, ಆಸ್ಪತ್ರೆ ಖರ್ಚಿನ ಭಯ ಇಲ್ಲ. ಗೇಲ್ಸ್‌ಬರ್ಗ್‌ನಂಥ ಕಡೆ ಕೆಲಸ ಹೋದರೆ ಎಷ್ಟೋ ಜನರಿಗೆ ಅದರ ಜೊತೆಗೆ ಆರೋಗ್ಯ ವಿಮೆಯೂ ಹೋಗುತ್ತೆ. ನನ್ನ ಪ್ರಕಾರ ಜನರ ಮನಸ್ಸನ್ನು ತೀರ್ಮಾನ ಮಾಡುವುದರಲ್ಲಿ, ಕೆಲಸ ಹೋದ ಮೇಲೆ ಆಸರೆ ಇದೆಯೋ ಇಲ್ಲವೋ ಅನ್ನುವುದರ ಪಾಲೇ ದೊಡ್ಡದು.

ನಮ್ಮಲ್ಲೂ ಅಷ್ಟೇ. 2019ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ನಡುವಿನ ಮುಕ್ತ ವ್ಯಾಪಾರದ ಆರ್‌ಸಿಇಪಿ ಒಪ್ಪಂದದ ಮಾತುಕತೆ ನಡೆದಾಗ ನ್ಯೂಜಿಲೆಂಡ್ ಹಾಲಿನ ಪುಡಿ ಬರುತ್ತೆ ಅಂತ ನಮ್ಮ ಹಾಲು ಉತ್ಪಾದಕರು ಬೀದಿಗೆ ಬಂದರು. ನವೆಂಬರ್‌ನಲ್ಲಿ ಭಾರತ ಆ ಒಪ್ಪಂದದಿಂದ ಹಿಂದೆ ಸರಿಯಿತು. ಇವರಿಗೆ ಜಗತ್ತು ಗೊತ್ತಿಲ್ಲ, ಹಳೇ ಕಾಲದವರು ಅಂತ ಆಗ ಕೆಲವರು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಮಕ್ಕಳ ಫೀಸು ಕಟ್ಟುವ ಹೆಂಗಸಿಗೆ, ಹಾಲಿನ ದರ ಬಿದ್ದರೆ ಡೆನ್ಮಾರ್ಕ್‌ನಲ್ಲಿ ಸಿಗುವಂಥ ಯಾವ ಭತ್ಯೆಯೂ ಇಲ್ಲಿ ಕಾದು ಕೂತಿಲ್ಲ.