ಮಳೆಗಾಲದ ಸಯನೋಟೈಪ್, ರೋಬಸ್ಟಾ ಬಣ್ಣ: ಚಿಕ್ಕಮಗಳೂರಿನ ಟಿಪ್ಪಣಿ

ಜುಲೈ. ಕಬ್ಬಿಣದ ಲವಣ ಬಳಿದ ಹಾಳೆಯ ಮೇಲೆ ಬಿಸಿಲಿನಿಂದ ನೀಲಿ ಚಿತ್ರ ಮೂಡಿಸುವುದೇ ಸಯನೋಟೈಪ್. ಅದಕ್ಕೆ ಬಿಸಿಲಿಲ್ಲ ಎಂಬುದು ದೊಡ್ಡ ತೊಂದರೆಯಲ್ಲ. ಮೋಡದ ನಡುವೆಯೂ ನೇರಳಾತೀತ ಕಿರಣ ಬರುತ್ತದೆ. ಬೇಸಿಗೆಯಲ್ಲಿ ಹತ್ತು ನಿಮಿಷದ ಕೆಲಸ ಈಗ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅಷ್ಟೆ. ನಿಜವಾದ ಕಾಟ ತೇವದ್ದು.

ದ್ರಾವಣ 1842ರಲ್ಲಿ ಜಾನ್ ಹರ್ಷೆಲ್ ಕಂಡುಕೊಂಡ ಜೋಡಿಯೇ. ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಎರಡೂ ಬೇರೆ ಬೇರೆ 100 ಮಿ.ಲೀ. ನೀರಿನಲ್ಲಿ, ಕಂದು ಬಾಟಲಿಗಳಲ್ಲಿ. ಸಿಟ್ರೇಟ್ ಬಾಟಲಿಗೆ ಈ ಥಂಡಿಯಲ್ಲಿ ಬೂಸ್ಟು ಬಂದೇ ಬರುತ್ತದೆ, ಸೋಸಿ ಬಳಸಬಹುದು. ಫೆರಿಸಯನೈಡಿಗೆ ಪ್ರಬಲ ಆಮ್ಲ ಮಾತ್ರ ಸೋಕಿಸಬಾರದು, ವಿಷಾನಿಲ ಏಳುತ್ತದೆ. ಎ4 ಹಾಳೆಗೆ ಎರಡರಿಂದಲೂ ತಲಾ 1.5 ಮಿ.ಲೀ. ಬೆರೆಸಿ ಬಳಿದರೆ ಸಾಕು.

ಲೇಪ ಹಳದಿ-ಹಸಿರಾಗಿರಬೇಕು. ಕತ್ತಲಲ್ಲೇ ನೀಲಿಗೆ ತಿರುಗಿದ್ದರೆ ಆ ಹಾಳೆ ಕೆಟ್ಟಂತೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ: ಹಿಂಬದಿಯನ್ನು ಕೆನ್ನೆಗೆ ಒತ್ತಿ ನೋಡಿ, ತಣ್ಣಗಿದ್ದರೆ ನೆಗೆಟಿವ್ ಇಡಬೇಡಿ. ಅಂಟಿಕೊಂಡು ನೆಗೆಟಿವ್ ಕೂಡ ಹಾಳಾಗುತ್ತದೆ. ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಹಿಡಿದು, ಅದೇ ದಿನ ಬಳಸಿಬಿಡುವುದು ಲೇಸು. ಸಿಲ್ವರ್ ಓಕ್ ಎಲೆ, ಜರಿಗಿಡದ ಗರಿ ಇಡುವುದಾದರೆ ಮೊದಲು ಪತ್ರಿಕೆಗಳ ನಡುವೆ ಒತ್ತಿಡಿ. ಹಸಿ ಎಲೆ ಗಾಜಿನಡಿ ಬೆವರಿ ಅಂಚನ್ನೆಲ್ಲ ಕದಡುತ್ತದೆ. ಕಾಫಿ ಎಲೆ ದಪ್ಪ. ಬರೀ ಆಕಾರ ಬರುತ್ತದೆ, ನರ ಕಾಣುವುದಿಲ್ಲ.

ಬೆಳಕು ಸಾಕಾಯಿತು ಎನ್ನಲು ಗಡಿಯಾರ ನಂಬಬೇಡಿ. ದಟ್ಟ ಭಾಗಗಳು ನೀಲಿ ದಾಟಿ ಬೂದುಗಂಚಿನ ಬಣ್ಣಕ್ಕೆ ಬರಬೇಕು, ತೊಳೆದಾಗ ಒಂದಿಷ್ಟು ಹೋಗಿಯೇ ಹೋಗುತ್ತದೆ.

ತೊಳೆಯಲು ಈ ಕಾಲದಷ್ಟು ಒಳ್ಳೆ ಕಾಲವಿಲ್ಲ. ಹಂಚಿನಿಂದ ಇಳಿದ ಮಳೆನೀರು ಮೆದು. ಬೋರ್‌ವೆಲ್‌ನ ಗಡಸು ನೀರು ಕ್ಷಾರೀಯವಾಗಿದ್ದರೆ ನೀಲಿಯನ್ನು ತಿನ್ನುತ್ತದೆ. ಅದೇ ಗತಿಯಾದರೆ ಮೊದಲ ನೀರಿಗೆ ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ. ಬಿಳಿ ಭಾಗದ ಹಳದಿ ಪೂರ್ತಿ ಹೋಗುವವರೆಗೂ ನೀರು ಬದಲಿಸುತ್ತಿರಿ.

ನೀಲಿ ಚಿತ್ರವನ್ನು ಕಾಫಿಯಲ್ಲಿ ನೆನೆಸಿ ಕಪ್ಪಾಗಿಸಲು ಅರೇಬಿಕಾ ತಳಿ ದಂಡ. ಕಬ್ಬಿಣದ ಜತೆ ಕೂಡಿ ಕಪ್ಪಾಗಿಸುವ ಕ್ಲೋರೊಜೆನಿಕ್ ಆಮ್ಲ ರೋಬಸ್ಟಾದಲ್ಲಿ ಹೆಚ್ಚು, ಕಪ್ಪಗೆ ಹುರಿದಷ್ಟೂ ಅದು ಕಮ್ಮಿ. ಹಾಗಾಗಿ ತೆಳುವಾಗಿ ಹುರಿದ, ಚಿಕೋರಿ ಬೆರೆಸದ ಪುಡಿ 50 ಗ್ರಾಂ, ಒಂದು ಲೀಟರ್ ನೀರಿನಲ್ಲಿ ಕುದಿಸಿ, ಸೋಸಿ, ಆರಿಸಿ. ಚಿತ್ರವನ್ನು ಮೊದಲು ವಾಷಿಂಗ್ ಸೋಡಾ ನೀರಿಗೆ (ಲೀಟರಿಗೆ ಅರ್ಧ ಟೀ ಚಮಚ) ಬಿಟ್ಟು, ನೀಲಿ ಅರ್ಧ ಮಾಸುತ್ತಲೇ ಎತ್ತಿಬಿಡಿ. ಚೆನ್ನಾಗಿ ಜಾಲಿಸಿ, ಒಂದೆರಡು ಗಂಟೆ ಕಾಫಿಯಲ್ಲಿಡಿ. ಸೋಡಾ ಉಳಿದರೆ ಕಾಫಿಯಲ್ಲೂ ಮಾಸುತ್ತಲೇ ಇರುತ್ತದೆ. ಬಿಳಿ ಭಾಗಕ್ಕೂ ಕಂದು ಹತ್ತುವುದು ಬಾಕಿ ಉಳಿದ ತಲೆನೋವು. ಮುಂದಿನ ಹಾಳೆಗಳಿಗೆ ಲೇಪದ ಮೊದಲು ಜೆಲಟಿನ್ ಬಳಿದು ನೋಡುವುದಿದೆ.