ಬರಿದಾದ ಬಲಿಪೀಠದ ಮುಂದೆ

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರದ ಸಂಜೆ ಚರ್ಚಿನ ಬಲಿಪೂಜೆಯಲ್ಲಿ ಗುರುಗಳು, ಅಂದರೆ ಪಾದ್ರಿಗಳು, ಬಗ್ಗಿ ಜನರ ಪಾದ ತೊಳೆಯುತ್ತಾರೆ. ಪೂಜೆ ಮುಗಿದ ಮೇಲೆ ಬಲಿಪೀಠದ ಬಟ್ಟೆಯನ್ನೂ ತೆಗೆದುಬಿಡುತ್ತಾರೆ. ಪರಮಪ್ರಸಾದವನ್ನು, ಅಂದರೆ ಯೇಸುವಿನ ಶರೀರವೆಂದು ನಾವು ನಂಬುವ ರೊಟ್ಟಿಯನ್ನು, ಬೇರೆಡೆಗೆ ಒಯ್ದಾಗಿರುತ್ತದೆ. ಅದನ್ನಿಡುವ ಪೆಟ್ಟಿಗೆ ಖಾಲಿ, ಬಾಗಿಲು ತೆರೆದೇ ಇರುತ್ತದೆ. ಶುಭ ಶುಕ್ರವಾರ ಬಲಿಪೂಜೆಯಿಲ್ಲ. ಶನಿವಾರ ರಾತ್ರಿಯ ಪಾಸ್ಖ (ಈಸ್ಟರ್) ಜಾಗರಣೆಯವರೆಗೆ ಗಂಟೆಯ ಸದ್ದೂ ಇಲ್ಲ. ದೇವರು ಇಲ್ಲವೇ ಇಲ್ಲ ಅನ್ನಿಸುವ ಹೊತ್ತನ್ನು ನಮ್ಮ ಕ್ರೈಸ್ತ ಧರ್ಮಸಭೆ ಮುಚ್ಚಿಡುವುದಿಲ್ಲ, ವರ್ಷವರ್ಷವೂ ಅದರೆದುರು ನಮ್ಮನ್ನು ಒಟ್ಟಿಗೆ ಕೂರಿಸುತ್ತದೆ. ಪ್ರಾರ್ಥನೆ ಬತ್ತಿಹೋದವರಿಗೆ ಇದೆಂಥ ಆಸರೆ!

"ನಾನು ನಿಮ್ಮನ್ನು ಪ್ರೀತಿಸಿದಂತೆ ನೀವೂ ಒಬ್ಬರನ್ನೊಬ್ಬರು ಪ್ರೀತಿಸಿರಿ" ಎಂದು ಯೇಸುಸ್ವಾಮಿ ಹೇಳಿದ್ದು ಆ ಗುರುವಾರದ ರಾತ್ರಿಯೇ. ಮರುದಿನ ಶಿಲುಬೆಯ ಮೇಲೆ "ನನ್ನ ದೇವರೇ, ನನ್ನ ದೇವರೇ, ಏಕೆ ನನ್ನ ಕೈಬಿಟ್ಟೆ?" ಎಂದು ಕೂಗಿದರು. ಅದು ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು, ಅವರ ಜನ ತಲೆಮಾರುಗಳಿಂದ ಹಾಡಿಕೊಂಡು ಬಂದದ್ದು. ಆ ಕೂಗಿಗೆ ಆಕಾಶದಿಂದ ಉತ್ತರ ಬಂದದ್ದನ್ನು ಯೇಸುವಿನ ಬದುಕನ್ನು ಹೇಳುವ ಯಾವ ಶುಭಸಂದೇಶವೂ ಬರೆದಿಲ್ಲ. ಆದರೆ ಅದೇ ಶಿಲುಬೆಯಿಂದ ಯೇಸು ತಾಯಿಗೆ "ಇಗೋ, ನಿನ್ನ ಮಗ" ಎಂದರು, ಶಿಷ್ಯನಿಗೆ "ಇಗೋ, ನಿನ್ನ ತಾಯಿ" ಎಂದರು. ಆ ಗಳಿಗೆಯಿಂದ ಶಿಷ್ಯ ಆಕೆಯನ್ನು ತನ್ನ ಮನೆಗೆ ಕರೆದುಕೊಂಡ. ಮಗನನ್ನು ಕಳೆದುಕೊಂಡ ತಾಯಿಗೆ ಅಂದು ಸಿಕ್ಕಿದ್ದು ವಿವರಣೆಯಲ್ಲ, ಒಂದು ಮನೆ.

ಸತ್ತ ಯೇಸು ಮತ್ತೆ ಎದ್ದುಬಂದರೆಂದು ಉಳಿದ ಶಿಷ್ಯರು ಹೇಳಿದಾಗ ನಂಬದ ತೋಮನನ್ನು ಸಂದೇಹದ ಶಿಷ್ಯನೆಂದು ದೂರುವುದು ಸುಲಭ. ನನಗೆ ಉಳಿದವರ ನಡತೆ ದೊಡ್ಡದಾಗಿ ಕಾಣುತ್ತದೆ. "ನಾನು ನಂಬುವುದೇ ಇಲ್ಲ" ಎಂದವನನ್ನು ಅವರು ಹೊರಗೆ ಹಾಕಲಿಲ್ಲ. ಎಂಟು ದಿನಗಳ ನಂತರ ಯೇಸು ಬಂದಾಗ ಅವನೂ ಅವರ ನಡುವೆಯೇ ಇದ್ದ. ಆ ವಾರವೆಲ್ಲ ಅವನ ಪಾಲಿನ ನಂಬಿಕೆಯನ್ನೂ ಅವರೇ ಹೊತ್ತಿರಬೇಕು.

ಕೋಲ್ಕತ್ತದ ಮದರ್ ತೆರೇಸಾ ದಶಕಗಳ ಕಾಲ ದೇವರಿಲ್ಲವೆನ್ನಿಸುವ ಇಂಥ ಕತ್ತಲಲ್ಲೇ ದುಡಿದರೆಂದು ಹೊರಜಗತ್ತಿಗೆ ವಿವರವಾಗಿ ತಿಳಿದದ್ದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ. ಅಷ್ಟು ವರ್ಷ ಅವರ ಅಳಲನ್ನು ಕೇಳಿಸಿಕೊಂಡವರು ಕೆಲವೇ ಗುರುಗಳು.

ನಮ್ಮಲ್ಲಿ ಸಾವಾದ ಮನೆಗೆ ನೆರೆಹೊರೆಯವರು ಸಂಜೆ ಜಪಸರಕ್ಕೆ, ಮಣಿ ಎಣಿಸುತ್ತ ಮಾತೆ ಮರಿಯಾಳಿಗೆ ಮಾಡುವ ಜಪಕ್ಕೆ, ಬರುತ್ತಾರೆ. ಒಬ್ಬರು "ನಮೋ ಮರಿಯಾ" ಶುರುಮಾಡಿದರೆ ಉಳಿದವರು "ಸಂತ ಮರಿಯಾ" ಎಂದು ಮುಗಿಸಬೇಕು. ಮನೆಯವರ ಸರದಿ ಬಂದಾಗ ಗಂಟಲು ಕಟ್ಟಿದರೆ ಪಕ್ಕದಲ್ಲಿ ಕೂತವರು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ, ಜಪ ನಿಲ್ಲುವುದಿಲ್ಲ. ಅಂಥ ಮನೆಗೆ ಹೋದಾಗ "ಎಲ್ಲಾ ದೇವರ ಚಿತ್ತ" ಎಂದು ದಯವಿಟ್ಟು ಹೇಳಬೇಡಿ. ಸುಮ್ಮನೆ ಕೂತು ಜಪಸರ ಹಿಡಿಯಿರಿ, ಊಟ ಮಾಡಿದರಾ ಎಂದು ಕೇಳಿ. ಸತ್ತವರ ತಿಂಗಳ ಪೂಜೆಯೂ ಮುಗಿದು, ಬಂದುಹೋಗುವವರೆಲ್ಲ ನಿಂತ ಮೇಲೆ ಇನ್ನೊಮ್ಮೆ ಹೋಗಿ.